ಚನ್ನಪಟ್ಟಣದ ಆಟಿಕೆಗಳು: ಎರಡು ಚಿಕ್ಕ ಮಕ್ಕಳ ಮನೆಯಲ್ಲಿ ತಾಳುತ್ತವಾ?

ಜಾಹೀರಾತಿನ ಫೋಟೋ ನೋಡಿ ಚನ್ನಪಟ್ಟಣದ ಆಟಿಕೆ ತರಲು ಹೊರಟವರಿಗೆ ಮೊದಲೇ ಒಂದು ಮಾತು. ಫೋಟೋದಲ್ಲಿ ಒಂದು ಮಗು ಬಿಳಿ ಚಾಪೆ ಮೇಲೆ ಕೂತು ಬಣ್ಣದ ಬಳೆಗಳನ್ನು ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಗೂಟಕ್ಕೆ ಪೋಣಿಸುತ್ತಿರುತ್ತದಲ್ಲ, ಆ ಮಗು ಆಟಿಕೆ ಜೊತೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಇರುವುದು ಐದು ವರ್ಷದ ಮಗಳು ಮತ್ತು ಈಗಷ್ಟೇ ಓಡಲು ಕಲಿತ ಮಗ. ಆದ್ದರಿಂದ ಈ ಆಟಿಕೆಯಿಂದ ಮಕ್ಕಳ ಬುದ್ಧಿ ಎಷ್ಟು ಬೆಳೆಯಿತು ಅಂತ ನಾನು ಹೇಳುವುದಿಲ್ಲ. ಎಸೆದಾಗ, ಕಚ್ಚಿದಾಗ, ನೀರಿಗೆ ಹಾಕಿದಾಗ ಏನಾಯಿತು ಅಂತ ಹೇಳುತ್ತೇನೆ.

ನಮ್ಮಲ್ಲಿರುವುದು ಬಳೆ ಪೋಣಿಸುವ ಗೋಪುರ, ದಾರ ಕಟ್ಟಿ ಎಳೆಯುವ ಬಾತುಕೋಳಿ, ಒಂದು ಗಿಲಕಿ, ಪುಟ್ಟ ಅಡುಗೆ ಸೆಟ್, ಮತ್ತೆ ಲೆಕ್ಕವಿಲ್ಲದಷ್ಟು ಬುಗುರಿಗಳು. ಕೆಲವು ಬೆಂಗಳೂರಿನ ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂನಿಂದ ತಂದದ್ದು, ಉಳಿದವು ಚನ್ನಪಟ್ಟಣದಲ್ಲೇ ಕೊಂಡದ್ದು.

ಮೊದಲು ಗೋಪುರದ ವಿಷಯ. ಅದು ಗೋಪುರವಾಗಿ ನಿಂತದ್ದು ಬಂದ ದಿನ ಸಂಜೆ ಮಾತ್ರ. ಕೆಂಪು ಬಳೆ ಮಗಳ ಕೈಗೆ ಹೋಯಿತು, ಹಳದಿಯದು ಗೊಂಬೆಗೆ ದೋಸೆ ಆಯಿತು, ಹಸಿರು ಬಳೆ ಎರಡು ದಿನ ಕಾಣೆಯಾಗಿ ಆಮೇಲೆ ಅನ್ನಕ್ಕೆ ಅಕ್ಕಿ ತೆಗೆಯಲು ಹೋದ ಅತ್ತೆಯವರ ಕೈಗೆ ಡಬ್ಬದೊಳಗೆ ಸಿಕ್ಕಿತು. ಉಳಿದ ಗೂಟ ಈಗ ಲಟ್ಟಣಿಗೆ. ಅತ್ತೆ ಚಪಾತಿ ಮಾಡುವಾಗ ಇವಳಿಗೂ ಒಂದು ಉಂಡೆ ಹಿಟ್ಟು ಕೊಡಬೇಕು, ಇಲ್ಲದಿದ್ದರೆ ಅಡುಗೆಮನೆಯಲ್ಲಿ ಯಾರಿಗೂ ಕೆಲಸ ಮಾಡಲು ಬಿಡುವುದಿಲ್ಲ. ಬುಗುರಿಗಳ ಕಥೆ ಇನ್ನೊಂದು. ಬೆಳಿಗ್ಗೆ ಸ್ಕೂಲ್ ವ್ಯಾನ್ ಕೆಳಗೆ ಹಾರ್ನ್ ಹೊಡೆಯುತ್ತಿರುತ್ತದೆ, ಬಾಯಲ್ಲಿ ಉಪ್ಪಿಟ್ಟು ಹಾಗೇ ಇರುತ್ತದೆ, ಒಂದು ಶೂ ಸಿಗುವುದಿಲ್ಲ. ಸಿಕ್ಕಿದಾಗ ಅದರ ತುಂಬ ಬುಗುರಿ. ತಮ್ಮ ತುಂಬಿಟ್ಟದ್ದು. ಅದನ್ನು ಸುರಿದ ತಕ್ಷಣ ಅವನು ಅಳುತ್ತಾನೆ, ಅವನು ಅತ್ತ ಅಂತ ಇವಳು ಬುಗುರಿ ಹೆಕ್ಕಿಕೊಡಲು ಕೂರುತ್ತಾಳೆ, ವ್ಯಾನ್ ಡ್ರೈವರ್ ಮತ್ತೆ ಹಾರ್ನ್ ಹೊಡೆಯುತ್ತಾರೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನನ್ನ ಪ್ರಕಾರ ಈ ಆಟಿಕೆಗಳ ದೊಡ್ಡ ಗುಣ ಇರುವುದು ಇಲ್ಲೇ. ಬ್ಯಾಟರಿ ಹಾಕಿದ ಆಟಿಕೆಗೆ ಒಂದು ಗುಂಡಿ, ಒಂದು ಹಾಡು. ಗುಂಡಿ ಕೆಟ್ಟರೆ ಅದು ಕಸ. ಇವಕ್ಕೆ ಕೆಡುವ ಭಾಗವೇ ಕಡಿಮೆ, ಹೀಗೇ ಆಡಬೇಕು ಅನ್ನುವ ನಿಯಮವೂ ಇಲ್ಲ. ಸೆಟ್ಟಿನಲ್ಲಿ ಎರಡು ಬಳೆ ಕಳೆದರೂ ಆಟ ನಿಲ್ಲುವುದಿಲ್ಲ. ನಮ್ಮಂಥ ಮನೆಗೆ ಇದು ಸರಿ. ಎಲ್ಲ ಆಟಿಕೆ ರಾತ್ರಿ ಬುಟ್ಟಿಗೆ ವಾಪಸ್ ಹೋಗಬೇಕು ಅನ್ನುವವರು ಇನ್ನೊಂದೆರಡು ವರ್ಷ ಕಾದು ತಂದರೆ ಒಳ್ಳೆಯದು.

ಇವೆಲ್ಲ ಯಾಕೆ ಗುಂಡಗಿರುತ್ತವೆ ಅಂತ ಗಮನಿಸಿದ್ದೀರಾ? ಆಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ, ಅದು ತಿರುಗುತ್ತಿರುವಾಗಲೇ ಉಳಿ ಹಿಡಿದು ಆಕಾರ ಕೊಡುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿ ಒತ್ತಿ ಹೊಳಪು ಬರಿಸುತ್ತಾರೆ. ಕುಂಚದ ಕೆಲಸ ಏನಿದ್ದರೂ ಕಣ್ಣು, ಮೀಸೆಗೆ ಅಷ್ಟೇ. ಲೇತ್‌ನಲ್ಲಿ ತಿರುಗಿ ಬಂದದ್ದಕ್ಕೆ ಮೂಲೆ ಇರುವುದಿಲ್ಲ, ಬಿದ್ದರೆ ಹಣೆಗೆ ಚುಚ್ಚುವುದಿಲ್ಲ. ಅದೇ ಕಾರಣಕ್ಕೆ ಕೈ ಬಿಟ್ಟ ಕೂಡಲೇ ಉರುಳಿ ಸೀದಾ ಮಂಚದ ಕೆಳಗೆ ಹೋಗುತ್ತದೆ! ನನ್ನ ಗಂಡ ಆಫೀಸಿನಿಂದ ಬಂದು ಮಾಡುವ ಮೊದಲ ಕೆಲಸ ನೆಲದ ಮೇಲೆ ಬೋರಲು ಮಲಗಿ, ಮೊಬೈಲ್ ಟಾರ್ಚ್ ಹಾಕಿ, ಪೊರಕೆ ಹಿಡಿಯಿಂದ ಬುಗುರಿ ಎಳೆಯುವುದು.

ಬಾಳಿಕೆ ವಿಷಯಕ್ಕೆ ಬರೋಣ. ಬಾತುಕೋಳಿ ಮೆಟ್ಟಿಲ ಮೇಲಿಂದ ಉರುಳಿಬಿದ್ದು ಕೊಕ್ಕಿನ ತುದಿ ಸ್ವಲ್ಪ ಎದ್ದಿದೆ, ಅಷ್ಟೇ. ಗಿಲಕಿ ಮೇಲೆ ಹಲ್ಲಿನ ಗುರುತು ತುಂಬ ಇದೆ. ಅರಗು ಅಲ್ವಾ, ಒಂದೆರಡು ಕಡೆ ಬಣ್ಣ ಮಂಕಾಗಿದೆ, ಸಿಪ್ಪೆ ಏಳಲಿಲ್ಲ. ಇವಕ್ಕೆ ನಿಜವಾದ ಶತ್ರುಗಳು ನೀರು ಮತ್ತು ಬಿಸಿಲು. ಸ್ನಾನದ ಬಕೆಟ್‌ನಲ್ಲಿ ರಾತ್ರಿಯಿಡೀ ನೆನೆದ ಒಂದು ಪುಟ್ಟ ಪಾತ್ರೆ ಸೀಳು ಬಿಟ್ಟಿತು. ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಗಿಸಿದರೆ ಏನೂ ಆಗುವುದಿಲ್ಲ, ನೆನೆಸಬಾರದು ಅಷ್ಟೇ. ಬೇಸಿಗೆಯಲ್ಲಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೂ ಬಿಡಬೇಡಿ. ಬಿಸಿಗೆ ಕರಗಿಸಿ ಹಚ್ಚಿದ ಅರಗು ಬಿಸಿಗೇ ಮೆತ್ತಗಾಗಿ ಅಂಟಂಟಾಗುತ್ತದೆ.

ಇನ್ನು ತಕರಾರುಗಳು. ಎಳೆಯುವ ಆಟಿಕೆಯ ದಾರ ಸಿಕ್ಕಾಪಟ್ಟೆ ಉದ್ದ ಇರುತ್ತದೆ. ಚಿಕ್ಕ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಬಹುದು, ಮನೆಗೆ ತಂದ ದಿನವೇ ಕತ್ತರಿಸಿ ಗಿಡ್ಡ ಮಾಡಿ. ಚಕ್ರದ ಕಡ್ಡಿ ಸಡಿಲವಾಗುತ್ತದೆ, ಫೆವಿಕಾಲ್ ಹಾಕಿದರೆ ನಿಲ್ಲುತ್ತದೆ, ಆದರೆ ನೀವು ನೋಡುವ ಮೊದಲು ಮಗು ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳಬಾರದಲ್ಲ, ಅದಕ್ಕೇ ವಾರಕ್ಕೊಮ್ಮೆ ಎಳೆದು ನೋಡಿ. ಪುಟ್ಟ ಬುಗುರಿಗಳೂ ಅಷ್ಟೇ, ಮೂರು ವರ್ಷದೊಳಗಿನ ಮಗು ಇದ್ದರೆ ಬಾಯೊಳಗೆ ಹಿಡಿಯದ ದಪ್ಪನೆಯವನ್ನೇ ಆರಿಸಿ. ಮತ್ತೆ ಸದ್ದು. ಮೊಸಾಯಿಕ್ ನೆಲದ ಮೇಲೆ ಮರದ ಚಕ್ರ ಓಡಿದರೆ ಕೆಳಗಿನ ಮನೆಯ ಆಂಟಿಗೆ ಮಧ್ಯಾಹ್ನದ ನಿದ್ದೆ ಹೋಯಿತು ಅಂತಲೇ ಅರ್ಥ. ನಾವು ಹಾಲ್‌ಗೆ ಹಳೆ ಜಮಖಾನ ಹಾಸಿದೆವು, ಬಾತುಕೋಳಿ ಅದನ್ನು ದಾಟಿ ಸೀದಾ ಪ್ಯಾಸೇಜಿಗೆ ಹೋಯಿತು. ಆಂಟಿಗೆ ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಬರುತ್ತೇವೆ, ಸದ್ಯಕ್ಕೆ ಅದೇ ಪರಿಹಾರ.

ಕೊಳ್ಳುವಾಗ ನೋಡಬೇಕಾದ್ದು ಬಣ್ಣ. ಚನ್ನಪಟ್ಟಣದ ಹೆಸರು ಹೇಳಿ ಮಾಮೂಲಿ ಪೇಂಟ್ ಬಳಿದ ಮರದ ಆಟಿಕೆ ಮಾರುವವರು ಇದ್ದಾರೆ. ನಾನು ಮೂಸಿ ನೋಡುತ್ತೇನೆ. ತಿನ್ನರ್ ವಾಸನೆ ಬಂದರೆ ವಾಪಸ್ ಇಡುತ್ತೇನೆ. ಅರಗಿನ ಬಣ್ಣ ಲೇತ್ ತಿರುಗಿದ ದಿಕ್ಕಿನಲ್ಲೇ ಸುತ್ತ ಪಟ್ಟಿ ಪಟ್ಟಿಯಾಗಿ ಕೂತಿರುತ್ತದೆ, ಪೇಂಟಿನ ಹಾಗೆ ಇಳಿದು ಹೆಪ್ಪುಗಟ್ಟಿರುವುದಿಲ್ಲ. ಹಳದಿಗೆ ಅರಿಶಿನದಂಥ ಗಿಡಮೂಲದ ಬಣ್ಣ ಬಳಸುವವರೂ ಇದ್ದಾರೆ, ಎಲ್ಲರೂ ಬಳಸುತ್ತಾರೆ ಅಂತಲ್ಲ. ಸುಮ್ನೆ ಕೇಳಿ, ಮಾಡುವವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಐಎಸ್‌ಐ ಗುರುತು ಕಾಣಲಿಲ್ಲ ಅಂತ ಗಾಬರಿ ಬೇಡ. 2021ರಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯ, ಆದರೆ ನೋಂದಾಯಿತ ಕುಶಲಕರ್ಮಿಗಳು ಮಾಡಿದವಕ್ಕೆ ಮತ್ತು ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಗುರುತು) ಬಳಸಲು ನೋಂದಾಯಿಸಿಕೊಂಡವರು ಮಾಡಿದವಕ್ಕೆ ವಿನಾಯಿತಿ ಇದೆ. ಚನ್ನಪಟ್ಟಣಕ್ಕೆ ಜಿಐ ಇದೆ. ಗುರುತು ಇಲ್ಲ ಅಂದಮೇಲೆ ನೋಡಿ ಕೊಳ್ಳುವ ಕೆಲಸ ನಮ್ಮದೇ ಆಗುತ್ತದೆ, ಅದೂ ನಿಜ.

ಬೆಲೆ ಬ್ಯಾಟರಿ ಆಟಿಕೆಗಿಂತ ಕಡಿಮೆಯೇನಲ್ಲ. ಬುಗುರಿ, ಪುಟ್ಟ ಗಿಲಕಿ ಅಗ್ಗ, ಗೋಪುರ ಮತ್ತು ಅಡುಗೆ ಸೆಟ್ ಸ್ವಲ್ಪ ದುಬಾರಿ ಅನಿಸುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಅಂಕ ಆ ಚಕ್ರದ ಕಡ್ಡಿಗೆ ಕಳೆದದ್ದು.

ಊರಿಗೇ ಹೋಗಿ ತರುವವರು ಹಳೆ ಬೆಂಗಳೂರು-ಮೈಸೂರು ರಸ್ತೆ ಹಿಡಿಯಿರಿ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಚನ್ನಪಟ್ಟಣದ ಹೊರಗಿನಿಂದಲೇ ಹಾದುಹೋಗುತ್ತದೆ, ಮೈಸೂರಿಗೆ ಬೇಗ ತಲುಪಿದ ಖುಷಿಯಲ್ಲಿ ಅಂಗಡಿಗಳೇ ತಪ್ಪಿಹೋಗುತ್ತವೆ. ರಸ್ತೆ ಬದಿಯ ಅಂಗಡಿಗಳಿಗೆ ಮೊದಲಿನ ವ್ಯಾಪಾರ ಇಲ್ಲ, ಹಾಗಾಗಿ ಜಾಸ್ತಿ ಚೌಕಾಸಿ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದರೆ ಒಬ್ಬರು ದುಡ್ಡು ಕೊಡಲು, ಇನ್ನೊಬ್ಬರು ಕೆಳಗಿನ ಶೆಲ್ಫ್ ಕಾಯಲು ಇರಲಿ. ಬುಗುರಿಗಳನ್ನು ಇಡುವುದೇ ಕೆಳಗಿನ ಶೆಲ್ಫಿನಲ್ಲಿ.