ಸಿಂಗಲ್ ಫೇಸ್ ಲೈನು, ತ್ರೀ ಫೇಸ್ ಮೋಟರ್: ಎರಡು ಎಚ್‌ಪಿ ಡ್ರೈವ್ ಜೊತೆ ನಾಲ್ಕು ವರ್ಷ

ಸಾಗರದ ಹತ್ತಿರದ ಹಳ್ಳಿಯಲ್ಲಿ ನಾನೊಬ್ಬನೇ ನಡೆಸುವ ಬಡಗಿ ಶೆಡ್ಡು ನನ್ನದು. ಹಲಗೆ ಹೆರೆದು ನುಣುಪು ಮಾಡುವ ಪ್ಲೇನರ್‌ಗೆ ಮೊದಲಿದ್ದದ್ದು ಎರಡು ಎಚ್‌ಪಿಯ ಸಿಂಗಲ್ ಫೇಸ್ ಮೋಟರ್. ಸಂಜೆಯಾದರೆ ನಮ್ಮಲ್ಲಿ ವೋಲ್ಟೇಜ್ 230ರಿಂದ 180ಕ್ಕೆ ಇಳಿಯುತ್ತದೆ. ಮೋಟರಿನ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕುಗ್ಗುವುದರಿಂದ ಕೈಗೆ ಸಿಗುವುದು ಹತ್ತರಲ್ಲಿ ಆರು ಪಾಲು ಮಾತ್ರ. ಸ್ವಿಚ್ ಒತ್ತಿದರೆ ಗುಂಯ್ ಎಂದು ಮೊರೆಯುತ್ತ ನಿಂತಲ್ಲೇ ನಿಲ್ಲುತ್ತಿತ್ತು. ಒಂದೇ ಮಳೆಗಾಲದಲ್ಲಿ ಎರಡು ಕೆಪಾಸಿಟರ್ ಸುಟ್ಟವು. ಬೆಲ್ಟ್ ಎಳೆದು ತಿರುಗಿಸುವ ಹುಚ್ಚನ್ನೂ ಮಾಡಿದ್ದೇನೆ, ನೀವು ಮಾಡಬೇಡಿ.

ನಮ್ಮ ಕಡೆ ತ್ರೀ ಫೇಸ್ ಬರುವುದು ಸರದಿಯ ಮೇಲೆ. ಹಾಗಾಗಿ 1.5 ಕಿಲೋವ್ಯಾಟಿನ, ಅಂದರೆ ಎರಡು ಎಚ್‌ಪಿಯ ಡ್ರೈವ್ ತಂದೆ; ಮೋಟರಿಗೆ ಹೋಗುವ ಕರೆಂಟನ್ನು ಹದ ಮಾಡಿ ಅದರ ವೇಗ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇದು. ಇದಕ್ಕೆ ಕೊಡುವುದು ಸಿಂಗಲ್ ಫೇಸ್, ಇದು ಕೊಡುವುದು ತ್ರೀ ಫೇಸ್. ಆದರೆ 415 ಅಲ್ಲ, 230 ವೋಲ್ಟ್ ಮಾತ್ರ. ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ಅಂಗಡಿಯವನು ಮೊದಲು ತೋರಿಸಿದ ಮೂರು ಎಚ್‌ಪಿ ಮೋಟರ್ 415ಕ್ಕೇ ಡೆಲ್ಟಾ (ಒಳಗಿನ ಮೂರು ಸುರುಳಿಗಳನ್ನು ತ್ರಿಕೋನದಂತೆ ಜೋಡಿಸುವ ಬಗೆ) ಆಗಿತ್ತು. ಅದನ್ನು ಈ ಡ್ರೈವಿಗೆ ಕಟ್ಟಿದ್ದರೆ ಶಕ್ತಿಯೇ ಬರುತ್ತಿರಲಿಲ್ಲ. ನಾನು ಆರಿಸಿದ ಎರಡು ಎಚ್‌ಪಿ ಮೋಟರಿನ ಫಲಕದಲ್ಲಿ 240/415 ಎಂದಿತ್ತು: ಡೆಲ್ಟಾದಲ್ಲಿ 240 ವೋಲ್ಟ್, ಸುರುಳಿಗಳ ತುದಿಗಳು ಒಂದೆಡೆ ಸೇರುವ ಸ್ಟಾರ್‌ನಲ್ಲಿ 415. ಟರ್ಮಿನಲ್ ಪೆಟ್ಟಿಗೆ ಬಿಚ್ಚಿ ಮೂರು ಹಿತ್ತಾಳೆ ಪಟ್ಟಿಗಳನ್ನು ಸ್ಟಾರ್‌ನಿಂದ ಡೆಲ್ಟಾಕ್ಕೆ ತಿರುಗಿಸಿದೆ. ಹತ್ತು ನಿಮಿಷದ ಕೆಲಸ.

ಅಂದಿನಿಂದ ಪ್ಲೇನರ್ ಏಳುವುದು ದನ ಏಳುವ ಹಾಗೆ, ಮೆಲ್ಲಗೆ. ಐದು ಸೆಕೆಂಡಿನಲ್ಲಿ ಪೂರ್ಣ ವೇಗಕ್ಕೆ ಬರುವಂತೆ ಹೊಂದಿಸಿದ್ದೇನೆ. ಬಲ್ಬು ಮಿಣುಕುವುದಿಲ್ಲ, ಮನೆಯಲ್ಲಿ ಮಿಕ್ಸಿ ಹಾಕಿದವರು ಬೈಯುವುದೂ ಇಲ್ಲ. ನಿಲ್ಲಿಸುವಾಗ ಅವಸರ ಮಾಡಿದರೆ ಮಾತ್ರ ಮುನಿಸಿಕೊಳ್ಳುತ್ತದೆ: ತಿರುಗುವ ಅಲಗಿನ ಬ್ಲಾಕಿನ ಓಟ ವಿದ್ಯುತ್ತಾಗಿ ಹಿಂದಕ್ಕೆ ನುಗ್ಗಿ ಡ್ರೈವ್ ಟ್ರಿಪ್ ಆಗುತ್ತದೆ. ನಿಲ್ಲುವ ಸಮಯವನ್ನು ಹನ್ನೆರಡು ಸೆಕೆಂಡಿಗೆ ಏರಿಸಿದ ಮೇಲೆ ಆ ಕಾಟ ತಪ್ಪಿತು. ಡ್ರೈವಿಗೂ ಮೋಟರಿಗೂ ನಡುವೆ ಸ್ವಿಚ್ ಹಾಕಿ ಓಡುವಾಗ ಆರಿಸಬೇಡಿ, ಡ್ರೈವೇ ಹೋಗಬಹುದು. ಮೀಟರಿನಿಂದ ಶೆಡ್ಡಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿದ್ದೇನೆ; ಹಳೆಯ ತೆಳು ತಂತಿಯ ಮೇಲೆ ಎಂಥ ಡ್ರೈವ್ ಇಟ್ಟರೂ ವ್ಯರ್ಥ.

ಡ್ರೈವಿನ ನಿಜವಾದ ಶತ್ರು ಮರದ ಹೊಟ್ಟು. ಎರಡನೆಯ ವರ್ಷ ಹಲಸಿನ ಹಲಗೆ ಎಳೆಯುತ್ತಿದ್ದಾಗ ಬಿಸಿಯಾಗಿ ನಿಂತಿತು. ಬಿಚ್ಚಿದರೆ ಫ್ಯಾನಿನ ರೆಕ್ಕೆಗಳು ಕಾಣದಷ್ಟು ಹಳದಿ ಹಿಟ್ಟು, ತೇವಕ್ಕೆ ಗಟ್ಟಿಯಾಗಿ ಕೂತಿತ್ತು. ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಟ್ಟೆ, ಇನ್ನಷ್ಟು ಬಿಸಿಯಾಯಿತು. ಕೊನೆಗೆ ಗೋಡೆಯ ಆಚೆ, ಅಕ್ಕಿ ಚೀಲ ಇಡುವ ಕೋಣೆಯಲ್ಲಿ ಕೂರಿಸಿ, ವೈರನ್ನು ಗೋಡೆಯ ತೂತಿನಿಂದ ತಂದೆ; ನಿಲ್ಲಿಸುವ ಕೆಂಪು ಗುಂಡಿ ಮಾತ್ರ ಪ್ಲೇನರ್ ಬಳಿಯೇ ಇದೆ. ಫ್ಯಾನ್ ಒಮ್ಮೆ ಬದಲಿಸಿದ್ದು ಬಿಟ್ಟರೆ ಮತ್ತೆ ಖರ್ಚಿಲ್ಲ. ಗುಂಡಿಗಳ ಮೇಲಿನ ಪ್ಲಾಸ್ಟಿಕ್ ಪದರ ಬಿರುಕು ಬಿಟ್ಟಿದೆ, ಅದೊಂದು ಕಳಪೆ. ತಂದ ಹೊಸದರಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಕಾರಣವಿಲ್ಲದೆ ಬೀಳುತ್ತಿತ್ತು. ಡ್ರೈವಿನ ಸೋರಿಕೆ ಕರೆಂಟಿಗೆ ಹೊಂದುವಂಥದ್ದನ್ನು ಎಲೆಕ್ಟ್ರಿಷಿಯನ್ ಹಾಕಿಕೊಟ್ಟರು.

ಒಬ್ಬನ ಕೈಗೆ, ಒಂದೋ ಎರಡೋ ಯಂತ್ರಕ್ಕೆ ಇದು ಚೆನ್ನಾಗಿದೆ, ಐದರಲ್ಲಿ ನಾಲ್ಕು ಕೊಡುತ್ತೇನೆ. ಮುಂದಿನ ತಿಂಗಳು ಐದು ಎಚ್‌ಪಿಯ ಗರಗಸ ತರುತ್ತಿದ್ದೇನೆ. ಅದಕ್ಕೆ ಡ್ರೈವ್ ಹುಡುಕಿಲ್ಲ, ಸರದಿ ಇದ್ದರೂ ಇರಲಿ ಎಂದು ತ್ರೀ ಫೇಸಿಗೆ ಅರ್ಜಿ ಕೊಟ್ಟಿದ್ದೇನೆ.