ಪಿಟೀಲಿನ ಸುತ್ತ ಎರಡು ಸಸ್ಪೆನ್ಸ್ ಕಾದಂಬರಿ: ಯಾವುದು ಮೊದಲು?

ಟೆಸ್ ಗೆರಿಟ್ಸನ್ ಬರೆದ ‘ಪ್ಲೇಯಿಂಗ್ ವಿತ್ ಫೈರ್’ (2015), ಬ್ರೆಂಡನ್ ಸ್ಲೋಕಂಬ್ ಬರೆದ ‘ದಿ ವಯೊಲಿನ್ ಕಾನ್ಸ್ಪಿರಸಿ’ (2022). ಎರಡರಲ್ಲೂ ಅಮೆರಿಕದ ಪಿಟೀಲು ವಾದಕರು, ಯುರೋಪಿನ ಪ್ರಯಾಣ.

ಮನಸ್ಸಿನ ಭಯ ಬೇಕಿದ್ದರೆ ಗೆರಿಟ್ಸನ್ ಅವರದ್ದೇ ಓದಿ. ಪಿಟೀಲು ವಾದಕಿ ಜೂಲಿಯಾ ರೋಮಿನ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ವಾಲ್ಟ್ಸ್‌ನ (ಒಂದು ಬಗೆಯ ನೃತ್ಯಸಂಗೀತ) ಸ್ವರ ಬರೆದ ಹಾಳೆ ಕೊಳ್ಳುತ್ತಾಳೆ. ಮನೆಯಲ್ಲಿ ಅದನ್ನು ನುಡಿಸಿದರೆ 3 ವರ್ಷದ ಮಗಳು ಹಿಂಸೆಗೆ ಇಳಿಯುತ್ತಾಳೆ. ತಪ್ಪು ಸಂಗೀತದ್ದೋ, ಮಗುವಿನದ್ದೋ, ತಾಯಿಯ ಮನಸ್ಸಿನದ್ದೋ? ಗಂಡನೇ ನಂಬದಿದ್ದಾಗ ಉಸಿರು ಕಟ್ಟುತ್ತದೆ. ಆ ಸಂಗೀತದ ಮೂಲ ಹುಡುಕುತ್ತಾ ಜೂಲಿಯಾ ವೆನಿಸ್‌ಗೆ ಹೋಗುತ್ತಾಳೆ. ಅಲ್ಲಿನ ಯಹೂದಿ ವಾದಕ ಲೊರೆಂಜೊನ ಯುದ್ಧಕಾಲದ ಕಥೆ ಮನಸ್ಸು ಹಿಂಡುತ್ತದೆ. ನನಗೆ ಪುಸ್ತಕದ ಜೀವ ಅದೇ. ಅಂದಹಾಗೆ, ಕಥೆಯ ಆ ‘ಇನ್ಸೆಂಡಿಯೊ’ ವಾಲ್ಟ್ಸನ್ನು ಲೇಖಕಿ ನಿಜವಾಗಿಯೂ ರಚಿಸಿದ್ದಾರೆ.

ಸ್ಲೋಕಂಬ್ ಅವರದ್ದು ಕಳ್ಳತನದ ಕಥೆ. ಕಪ್ಪು ವರ್ಣದ ವಾದಕ ರೇಯ ಸ್ಟ್ರಾಡಿವೇರಿಯಸ್ (ತುಂಬಾ ಬೆಲೆಬಾಳುವ ಹಳೆಯ ಇಟಲಿಯ) ಪಿಟೀಲು ಕಾಣೆಯಾಗುತ್ತದೆ. ಮುಂದೆ ಮಾಸ್ಕೋದ ಚೈಕೋವ್ಸ್ಕಿ ಅಂತರರಾಷ್ಟ್ರೀಯ ಸಂಗೀತ ಸ್ಪರ್ಧೆಯಿದೆ. ಲೇಖಕರೇ ಪಿಟೀಲು ವಾದಕರು, ಹಾಗಾಗಿ ಅಭ್ಯಾಸ, ವೇದಿಕೆಯ ಒತ್ತಡ ಇಲ್ಲಿ ಜಾಸ್ತಿ ನಿಜ ಅನಿಸುತ್ತದೆ. ಭಯಕ್ಕಿಂತ ವರ್ಣಭೇದದ ಮೇಲಿನ ಸಿಟ್ಟು ಓದಿಸಿಕೊಂಡು ಹೋಗುತ್ತದೆ.

ಮಗುವಿಗೆ ಸಂಬಂಧಿಸಿದ ಹಿಂಸೆ ಓದಲಾರೆ ಎನ್ನುವವರು ರೇಯಿಂದ ಶುರು ಮಾಡಿ. ಉಳಿದವರಿಗೆ ನನ್ನ ಓಟು ವೆನಿಸ್‌ಗೆ.