ಫಾಸ್ಟ್ ಶೋ ಡಿವಿಡಿ ಸೆಟ್: ಕೊಳ್ಳಿ, ಆದರೆ ಒಂದೇ ಏಟಿಗೆ ನೋಡಬೇಡಿ

ಶನಿವಾರ ಭಾನುವಾರ ಕೂತು ಎಲ್ಲಾ ನೋಡಿ ಮುಗಿಸೋಣ ಅಂತ ಇದ್ದರೆ ದ ಫಾಸ್ಟ್ ಶೋ ಅನ್ನುವ ಬ್ರಿಟಿಷ್ ಹಾಸ್ಯ ಕಾರ್ಯಕ್ರಮದ ಈ ಸೆಟ್ ಕೊಳ್ಳಲೇಬೇಡಿ. ನಾಲ್ಕನೇ ಕಂತಿಗೆ ತಲೆ ಚಿಟ್ಟು ಹಿಡಿಯುತ್ತದೆ. ಅದೇ ಟೈಲರ್‌ಗಳು, ಅದೇ ಮುದುಕ, ಅದೇ ಮಾತು. ಇದೇನಪ್ಪಾ ಮತ್ತೆ ಬಂತಾ ಅನಿಸುತ್ತದೆ. ವಾರಕ್ಕೆ ಒಂದೇ ಕಂತು ನೋಡಿ. ಆಗ ಅದೇ ಮುದುಕ ಬಾಗಿಲಾಚೆ ಕಾಲಿಟ್ಟ ಕೂಡಲೇ, ಅವನು ಬಾಯಿ ತೆಗೆಯುವ ಮುಂಚೆಯೇ ನಿಮಗೆ ನಗು ಬಂದಿರುತ್ತದೆ. ಈ ಕಾರ್ಯಕ್ರಮ ಮಾಡಿದ್ದೇ ಹಾಗೆ ನೋಡಲಿ ಅಂತ. ಎಲ್ಲವನ್ನೂ ಒಟ್ಟಿಗೆ ನುಂಗುವುದು ಈಗಿನ ನಮ್ಮ ಚಾಳಿ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ದ ಫಾಸ್ಟ್ ಶೋ ಬಿಬಿಸಿ ಟೂನಲ್ಲಿ 1994ರಿಂದ 1997ರವರೆಗೆ ಬಂದ ಸ್ಕೆಚ್ ಕಾಮಿಡಿ, ಅಂದರೆ ಚಿಕ್ಕ ಚಿಕ್ಕ ನಗೆ ಪ್ರಸಂಗಗಳ ಕಾರ್ಯಕ್ರಮ. ಮೂರು ಸೀಸನ್, ಆಮೇಲೆ 2000ದಲ್ಲಿ ಒಂದು ಬೀಳ್ಕೊಡುಗೆ ಕಾರ್ಯಕ್ರಮ. ಪಾಲ್ ವೈಟ್‌ಹೌಸ್ ಮತ್ತು ಚಾರ್ಲಿ ಹಿಗ್ಸನ್ ಇದರ ಹಿಂದಿನ ತಲೆಗಳು. ಈಸ್ಟ್ ಆಂಗ್ಲಿಯಾ ಯೂನಿವರ್ಸಿಟಿಯಲ್ಲಿ ಪರಿಚಯ ಆದವರು, ಟಿವಿಗೆ ಬರುವ ಮುಂಚೆ ಲಂಡನ್ನಿನ ಮನೆಗಳಲ್ಲಿ ಪ್ಲಾಸ್ಟರಿಂಗ್, ಪೇಂಟಿಂಗ್ ಕೆಲಸ ಮಾಡುತ್ತಿದ್ದವರು. ಬಹುಶಃ ಅದಕ್ಕೇ ಇವರ ಪಾತ್ರಗಳು ಆಫೀಸಿನಲ್ಲಿ ಕೂತು ಬರೆದ ಹಾಗಿಲ್ಲ. ಪಬ್ಬಿನಲ್ಲಿ, ಅಂಗಡಿಯಲ್ಲಿ, ಯಾರದೋ ಮನೆಯ ಏಣಿಯ ಮೇಲೆ ನಿಂತು ಕದ್ದು ಕೇಳಿಸಿಕೊಂಡ ಹಾಗಿವೆ. ಜೊತೆಗೆ ಸೈಮನ್ ಡೇ, ಮಾರ್ಕ್ ವಿಲಿಯಮ್ಸ್, ಜಾನ್ ಥಾಮ್ಸನ್, ಅರಬೆಲ್ಲಾ ವೇರ್, ಕ್ಯಾರೊಲಿನ್ ಅಹರ್ನ್ ಇದ್ದಾರೆ.

ಒಂದೇ ಪಾತ್ರ ಪ್ರತಿ ವಾರ ಬಂದು ಒಂದೇ ಮಾತು ಹೇಳುವ ಪದ್ಧತಿ ಬ್ರಿಟನ್ನಿನಲ್ಲಿ ಟಿವಿ ಮನೆಮನೆಗೆ ಬರುವ ಮುಂಚಿನದು. 1939ರಿಂದ 1949ರವರೆಗೆ ಬಿಬಿಸಿ ರೇಡಿಯೋದಲ್ಲಿ ಟಾಮಿ ಹ್ಯಾಂಡ್ಲಿಯ ಇಟ್ಮಾ ಅನ್ನುವ ಹಾಸ್ಯ ಕಾರ್ಯಕ್ರಮ ಬರುತ್ತಿತ್ತು. ರೇಡಿಯೋದಲ್ಲಿ ಮುಖ ಕಾಣುವುದಿಲ್ಲವಲ್ಲ, ಬಂದವರು ಯಾರು ಅಂತ ಕೇಳುವವರಿಗೆ ತಿಳಿಯುವುದು ಹೇಗೆ? ಬಾಗಿಲಿನ ಸದ್ದು, ಆಮೇಲೆ ಒಂದು ಖಾಯಂ ಮಾತು. ಕಸ ಗುಡಿಸುವ ಮಿಸೆಸ್ ಮಾಪ್ 'ಕ್ಯಾನ್ ಐ ಡೂ ಯೂ ನೌ, ಸರ್' ಅಂದರೆ ಮುಗಿಯಿತು, ಅವಳು ಬಂದಿದ್ದಾಳೆ ಅಂತ ಅರ್ಥ. ಟಿವಿ ಬಂದು ಮುಖ ಕಾಣತೊಡಗಿದ ಮೇಲೂ ಆ ಅಭ್ಯಾಸ ಹೋಗಲಿಲ್ಲ. 1971ರಿಂದ 1987ರವರೆಗೆ ಬಂದ, ಇಬ್ಬರು ಹಾಸ್ಯನಟರ ಟಿವಿ ಕಾರ್ಯಕ್ರಮ ದ ಟೂ ರಾನೀಸ್‌ನಲ್ಲಿ ವಿದಾಯ ಹೇಳುವ ಮಾತು ಕೂಡ ಪ್ರತಿ ಸಲ ಒಂದೇ: ನನ್ನಿಂದ ಶುಭರಾತ್ರಿ, ಅವನಿಂದಲೂ ಶುಭರಾತ್ರಿ.

ಮಾಂಟಿ ಪೈಥಾನ್‌ನವರು ಅನ್ನುವ ಹಾಸ್ಯ ತಂಡ 1969ರಲ್ಲಿ ಟಿವಿಯಲ್ಲಿ ಶುರು ಮಾಡಿದಾಗ ಅವರಿಗೆ ತಲೆನೋವಾಗಿದ್ದು ಸ್ಕೆಚ್ಚಿನ ಕೊನೆ. ನಡುವೆ ಎಷ್ಟೇ ಚೆನ್ನಾಗಿರಲಿ, ಕೊನೆಗೊಂದು ಪಂಚ್‌ಲೈನ್, ಅಂದರೆ ನಗಿಸಿ ಮುಗಿಸುವ ಮಾತು ಬೇಕು, ಅದೇ ಸಪ್ಪೆ. ಅವರು ಪಂಚ್‌ಲೈನನ್ನೇ ಕಿತ್ತು ಹಾಕಿದರು. ಅವರಲ್ಲೊಬ್ಬ ಗ್ರಹಾಂ ಚಾಪ್‌ಮನ್ ಕರ್ನಲ್ ವೇಷದಲ್ಲಿ ಬಂದು, ಇದು ತೀರಾ ಹುಚ್ಚಾಟ ಆಯಿತು, ನಿಲ್ಲಿಸಿ ಅಂತ ಗದರಿದರೆ ಸ್ಕೆಚ್ ಅಲ್ಲಿಗೇ ಖತಂ.

ಫಾಸ್ಟ್ ಶೋ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವೈಟ್‌ಹೌಸ್ ಆಗ ಹ್ಯಾರಿ ಎನ್‌ಫೀಲ್ಡ್ ಅನ್ನುವ ಹಾಸ್ಯನಟನ ಜೊತೆ ಆತನ ಟಿವಿ ಕಾರ್ಯಕ್ರಮಕ್ಕೆ ಬರೆಯುತ್ತಿದ್ದರು. ಆ ಕಾರ್ಯಕ್ರಮದ ಒಳ್ಳೊಳ್ಳೆಯ ತುಣುಕುಗಳನ್ನು ಕತ್ತರಿಸಿ ಪತ್ರಕರ್ತರಿಗಾಗಿ ಒಂದು ಟೇಪ್ ಮಾಡಿದ್ದರು. ಅದನ್ನು ನೋಡಿದ ವೈಟ್‌ಹೌಸ್‌ಗೆ ಇಡೀ ಕಾರ್ಯಕ್ರಮವನ್ನೇ ಹೀಗೆ ಮಾಡಿದರೆ ಹೇಗೆ ಅಂತ ಹೊಳೆಯಿತು. ಹಾಗಾಗಿ ಇಲ್ಲಿ ಪೀಠಿಕೆ ಇಲ್ಲ. ಪಾತ್ರ ಬಂತು, ಮಾತು ಹೇಳಿತು, ಹೋಯಿತು. ಕೆಲವು ಸ್ಕೆಚ್ ನೀವು ಕಾಫಿ ಲೋಟ ಎತ್ತಿ ಇಡುವುದರೊಳಗೆ ಮುಗಿದಿರುತ್ತವೆ.

ಹಾಗಾದರೆ ನಗು ಎಲ್ಲಿಂದ ಬರುತ್ತದೆ? ಏನು ಬರುತ್ತದೆ ಅಂತ ನಿಮಗೆ ಮೊದಲೇ ಗೊತ್ತು, ಯಾವಾಗ ಬರುತ್ತದೆ ಅನ್ನುವುದು ಗೊತ್ತಿಲ್ಲ. ಆ ಕಾಯುವಿಕೆಯಲ್ಲೇ ಎಲ್ಲಾ ಇರುವುದು. ಟೈಲರ್ ಅಂಗಡಿಯ ಸ್ಕೆಚ್ ನೋಡಿ. ಒಬ್ಬ ಗಿರಾಕಿ ಸುಮ್ನೆ ಒಂದು ಸೂಟು ನೋಡೋಣ ಅಂತ ಬರುತ್ತಾನೆ. ಕೆನ್ ಮತ್ತು ಕೆನೆತ್ ಅನ್ನುವ ಇಬ್ಬರು ಅಳತೆ ಟೇಪ್ ಕೊರಳಿಗೆ ಹಾಕಿಕೊಂಡು ಅತಿ ವಿನಯದಿಂದ ಶುರು ಮಾಡುತ್ತಾರೆ, ಎರಡು ಮಾತು ಆಗುವುದರೊಳಗೆ ನಿನ್ನೆ ರಾತ್ರಿ ಯಾರ ಜೊತೆ ಇದ್ದಿರಿ ಸರ್, ಆಕೆಗೆ ಬೇಕಿತ್ತಾ ಸರ್ ಅಂತ ಕೆದಕುತ್ತಾ, ಆ ಬಡಪಾಯಿ ಕೆಂಪಾಗಿ ಬೆವರುವ ಹೊತ್ತಿಗೆ 'ಊಹ್, ಸೂಟ್ಸ್ ಯೂ, ಸರ್' ಅಂತ ನರಳುತ್ತಾರೆ. ಒಂದು ವಾರ ಆ ಮಾತು ಬಾಗಿಲು ತೆಗೆಯುವುದರೊಳಗೆ ಬರುತ್ತದೆ, ಇನ್ನೊಂದು ವಾರ ಹಿಡಿದಿಟ್ಟು ಹಿಡಿದಿಟ್ಟು ನಿಮ್ಮನ್ನು ಸಾಯಿಸುತ್ತಾರೆ. ಈ ಕಾರ್ಯಕ್ರಮದ ಅಭಿಮಾನಿಯಾಗಿದ್ದ ಜಾನಿ ಡೆಪ್ 2000ದ ಬೀಳ್ಕೊಡುಗೆ ಕಾರ್ಯಕ್ರಮದಲ್ಲಿ ಇದೇ ಅಂಗಡಿಗೆ ಗಿರಾಕಿಯಾಗಿ ಬಂದಿದ್ದಾನೆ. ಈಗಿನ ಕಣ್ಣಿಗೆ ಈ ಟೈಲರ್‌ಗಳು ಕಿರುಕುಳ ಕೊಡುವವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಹೀನಾಯವಾಗಿ ಕಾಣುವುದು ಅವರೇ ಹೊರತು ಗಿರಾಕಿ ಅಲ್ಲ.

ಸೆಟ್ಟಿನ ನಿಜವಾದ ಬೆಲೆ ಇರುವುದು ಟೆಡ್ ಮತ್ತು ರಾಲ್ಫ್‌ನಲ್ಲಿ. ರಾಲ್ಫ್ ದೊಡ್ಡ ಎಸ್ಟೇಟಿನ ಯಜಮಾನ, ಲಾರ್ಡ್. ಟೆಡ್ ಅವನ ಆಳು, ವಯಸ್ಸಾದ ಐರಿಷ್ ಮನುಷ್ಯ. ರಾಲ್ಫ್‌ಗೆ ಟೆಡ್ ಮೇಲೆ ಪ್ರೀತಿ. ಹೇಳಲು ಬಾಯಿ ಬರುವುದಿಲ್ಲ. ಕೆಳಗಿನ ಗದ್ದೆಯ ನೀರು ಹರಿದು ಹೋಗುತ್ತಿದೆಯಾ ಅಂತ ಕೇಳುತ್ತಾನೆ, ಟೀನಾ ಟರ್ನರ್ ಹಾಡು ಇಷ್ಟವಾ ಅಂತ ಕೇಳುತ್ತಾನೆ. ಟೆಡ್ ನೆಲ ನೋಡುತ್ತಾ, ಅದೆಲ್ಲಾ ನನಗೆ ಗೊತ್ತಿಲ್ಲ ಸರ್ ಅನ್ನುತ್ತಾನೆ. ಅಷ್ಟೇ. ಪ್ರತಿ ವಾರ ಅಷ್ಟೇ. ನಗುತ್ತಾ ಶುರು ಮಾಡಿದ ನೀವು ಮೂರನೇ ವಾರದ ಹೊತ್ತಿಗೆ ಇವನಿಗೆ ಇವತ್ತಾದರೂ ಬಾಯಿ ಬರಲಿ ದೇವರೇ ಅಂತ ಬೇಡಿಕೊಳ್ಳುತ್ತಿರುತ್ತೀರಿ. ಟೆಡ್‌ಗೆ ಎಲ್ಲಾ ಗೊತ್ತು ಅಂತಲೇ ನನಗೆ ಅನಿಸುವುದು. ಒಂದು ಸ್ಕೆಚ್ಚಿನಲ್ಲಿ ಟೆಡ್ ಪಬ್ಬಿನಲ್ಲಿ ಗೆಳೆಯರ ಜೊತೆ ಕುಡಿಯುವ ಆಟ ಆಡುತ್ತಿರುತ್ತಾನೆ. ಅವನ ಹೆಂಡತಿ ತೀರಿಕೊಂಡ ಸುದ್ದಿ ಹೇಳಲು ರಾಲ್ಫ್ ಬಂದಿದ್ದಾನೆ. ಆಟದ ನಿಯಮ ಮುರಿಯುವ ಹಾಗಿಲ್ಲ. ಆ ನಿಯಮಗಳ ನಡುವೆ ಸುದ್ದಿ ಹೇಳಬೇಕು. ಇಂಥದ್ದನ್ನು ಬರೆಯಲು ಧೈರ್ಯ ಬೇಕು. ಪಾತ್ರವನ್ನು ಅಷ್ಟು ವಾರ ನೋಡಿರದಿದ್ದರೆ ಇದು ಬರೀ ವಿಚಿತ್ರ ಅನಿಸುತ್ತದೆ.

ರೌಲಿ ಬರ್ಕಿನ್ ಕೂಡ ಹಾಗೆಯೇ. ಬೆಂಕಿಯ ಪಕ್ಕ ಕುರ್ಚಿಯಲ್ಲಿ ಕೂತ ಹಳೇ ಬ್ಯಾರಿಸ್ಟರ್, ಗೊಣ ಗೊಣ ಅಂತ ಏನೋ ಕಥೆ ಹೇಳುತ್ತಾನೆ. ಹತ್ತರಲ್ಲಿ ಒಂದು ಮಾತು ಅರ್ಥ ಆದರೆ ಹೆಚ್ಚು. ಕೊನೆಗೆ ಮಾತ್ರ ಸ್ಪಷ್ಟವಾಗಿ, ಆಗ ನಾನು ತುಂಬಾ ತುಂಬಾ ಕುಡಿದಿದ್ದೆ ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ಒಮ್ಮೆ ಮಾತ್ರ ಆ ಗೊಣಗಾಟದೊಳಗೆ ಕಳೆದುಕೊಂಡ ಒಬ್ಬ ಹೆಂಗಸಿನ ನೆನಪು ಬರುತ್ತದೆ, ಮುದುಕನ ಕಣ್ಣು ತುಂಬುತ್ತದೆ, ಅದೇ ಮಾತು ಹೇಳುತ್ತಾನೆ. ಅಕ್ಷರವೂ ಬದಲಾಗಿಲ್ಲ, ನಗು ಬರುವುದಿಲ್ಲ.

ಅರಬೆಲ್ಲಾ ವೇರ್ ಮಾಡಿದ ಪಾತ್ರಗಳ ಬಗ್ಗೆ ಮಾತು ಬಂದಾಗ ಎಲ್ಲರೂ 'ಡಸ್ ಮೈ ಬಮ್ ಲುಕ್ ಬಿಗ್ ಇನ್ ದಿಸ್' ಅನ್ನುವವಳನ್ನೇ ನೆನೆಯುತ್ತಾರೆ. ನನಗೆ ಹಿಡಿಸಿದ್ದು ಗಂಡಸರ ಕಿವಿಗೆ ಕೇಳಿಸದ ಹೆಂಗಸು. ನಾಲ್ಕು ಗಂಡಸರ ನಡುವೆ ಕೂತು ಒಂದು ಒಳ್ಳೆಯ ಐಡಿಯಾ ಹೇಳುತ್ತಾಳೆ, ಯಾರೂ ತಿರುಗಿಯೂ ನೋಡುವುದಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಗಂಡಸು ಅದನ್ನೇ ಹೇಳುತ್ತಾನೆ, ಆಹಾ ಎಂಥಾ ಐಡಿಯಾ ಅಂತ ಎಲ್ಲರೂ ಕೊಂಡಾಡುತ್ತಾರೆ. ಐಟಿ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ಗೆಳತಿಯರಿಗೆ ಇದನ್ನು ತೋರಿಸಿದರೆ ಯಾರೂ ವಿವರಣೆ ಕೇಳಲಿಲ್ಲ.

ಎಲ್ಲವೂ ಚೆನ್ನಾಗಿಲ್ಲ. ಬಣ್ಣಬಣ್ಣದ ಟೈ ಕಟ್ಟಿಕೊಂಡು ಆಫೀಸಿನಲ್ಲಿ ಎಲ್ಲರನ್ನೂ ನಗಿಸಲು ಹೋಗುವ ಕಾಲಿನ್ ಹಂಟ್ ನಿಜ ಜೀವನದಷ್ಟೇ ಬೋರ್. ಫುಟ್‌ಬಾಲ್ ಗೊತ್ತಿಲ್ಲದಿದ್ದರೆ ಆ ಆಟದ ಬಗ್ಗೆ ಹರಟುವ ರಾನ್ ಮ್ಯಾನೇಜರ್ ತಲೆಗೆ ಹತ್ತುವುದಿಲ್ಲ. ಚಾನೆಲ್ 9 ಅನ್ನುವುದು ಯಾವುದೋ ಬಿಸಿಲು ದೇಶದ ಟಿವಿಯ ಅಣಕ, ಅರ್ಥವಿಲ್ಲದ ಭಾಷೆ. ಹವಾಮಾನ ಹೇಳುವ ಕ್ಯಾರೊಲಿನ್ ಅಹರ್ನ್ ನಕ್ಷೆಯ ಉದ್ದಕ್ಕೂ ಎಲ್ಲಾ ಕಡೆ 'ಸ್ಕೋರ್ಚಿಯೋ' (ಸುಡುಬಿಸಿಲು) ಅನ್ನುವಾಗ ಮೊದಲು ನಕ್ಕೆ. ಇಂಗ್ಲಿಷ್ ಬಾರದ ಅಜ್ಜಿಗೂ ಅರ್ಥ ಆಗುವ ಸ್ಕೆಚ್ ಅದು. ಆದರೆ ಬರಬರುತ್ತಾ ಅಲ್ಲಿ ಉಳಿಯುವುದು ಹೊರದೇಶದವರು ಹೀಗೆ ಅನ್ನುವ ಸಲೀಸು ತಮಾಷೆ ಮಾತ್ರ. ಖಾಯಂ ಪಾತ್ರದ ಅಪಾಯವೇ ಇದು. ಎನ್‌ಫೀಲ್ಡ್ 80ರ ದಶಕದ ಕೊನೆಯಲ್ಲಿ ನೋಟಿನ ಕಟ್ಟು ಬೀಸುವ ಲೋಡ್ಸ್‌ಅಮನಿ ಅನ್ನುವ ಪಾತ್ರವನ್ನು ದುಡ್ಡಿನ ಮದವನ್ನು ಗೇಲಿ ಮಾಡಲು ತಂದರೆ, ಜನ ಅವನಿಗೇ ಚಪ್ಪಾಳೆ ಹೊಡೆದರು. ಎನ್‌ಫೀಲ್ಡ್ ಅವನನ್ನು ಕೈಬಿಟ್ಟರು. ಆಮೇಲೆ ಬಂದ ಲಿಟಲ್ ಬ್ರಿಟನ್ ಅನ್ನುವ ಸ್ಕೆಚ್ ಕಾರ್ಯಕ್ರಮ ಇದೇ ಪದ್ಧತಿಯಲ್ಲಿ ಬೆಳೆದು ಜನಪ್ರಿಯ ಆಯಿತು, ಆದರೆ ಬಿಳಿಯ ನಟರು ಮುಖಕ್ಕೆ ಬಣ್ಣ ಬಳಿದು ಮಾಡಿದ ಪಾತ್ರಗಳ ಕಾರಣಕ್ಕೆ 2020ರಲ್ಲಿ ಬಿಬಿಸಿಯ ಆನ್‌ಲೈನ್ ಸೇವೆಯಿಂದ ಇಳಿಯಿತು.

ನಮ್ಮವರು ಕೆಲವರು ಕೇಳುತ್ತಾರೆ, ಇದಕ್ಕಿಂತ ಗುಡ್‌ನೆಸ್ ಗ್ರೇಷಿಯಸ್ ಮೀ ವಾಸಿ ಅಲ್ವಾ ಅಂತ. ಅದು 1996ರಲ್ಲಿ ರೇಡಿಯೋದಲ್ಲಿ ಶುರುವಾಗಿ 1998ರಲ್ಲಿ ಟಿವಿಗೆ ಬಂದ ಬ್ರಿಟಿಷ್ ಏಷ್ಯನ್ನರ ಕಾರ್ಯಕ್ರಮ. ಸಂಜೀವ್ ಭಾಸ್ಕರ್, ಮೀರಾ ಸ್ಯಾಲ್, ನೀನಾ ವಾಡಿಯಾ, ಕುಲ್ವಿಂದರ್ ಘಿರ್. ಎಲ್ಲವೂ ಭಾರತದ್ದೇ ಅಂತ ಸಾಧಿಸುವ ಅಪ್ಪನ ಪಾತ್ರ ನೋಡಿದರೆ ನಿಮ್ಮ ವಾಟ್ಸ್ಯಾಪ್ ಗ್ರೂಪಿನ ಯಾರಾದರೂ ನೆನಪಾಗದೆ ಇರುವುದಿಲ್ಲ. ಕುಡಿದು ಇಂಗ್ಲಿಷ್ ಹೋಟೆಲಿಗೆ ನುಗ್ಗಿ, ಇಲ್ಲಿ ಎಲ್ಲಕ್ಕಿಂತ ಸಪ್ಪೆ ಯಾವುದಿದೆ ತನ್ನಿ ಅಂತ ಅಬ್ಬರಿಸುವ ಸ್ಕೆಚ್ಚಂತೂ ಬ್ರಿಟನ್ನಿನ ಕರಿ ಹೌಸುಗಳಲ್ಲಿ, ಅಂದರೆ ಇಂಡಿಯನ್ ಹೋಟೆಲುಗಳಲ್ಲಿ, ಶುಕ್ರವಾರ ರಾತ್ರಿ ಕುಡಿದ ಇಂಗ್ಲಿಷರು ಎಲ್ಲಕ್ಕಿಂತ ಖಾರದ್ದು ತನ್ನಿ ಅಂತ ಅಬ್ಬರಿಸುವುದನ್ನು ಹಾಗೇ ತಿರುಗಿಸಿಟ್ಟಿದೆ. ನಮಗೆ ಬೇಗ ಹತ್ತಿರ ಆಗುವುದು ಅದೇ, ಒಪ್ಪುತ್ತೇನೆ. ಆದರೆ ಬ್ರಿಟನ್ನಿನವರು ತಮ್ಮ ಲಾರ್ಡುಗಳನ್ನು, ಕಾರು ಮಾರುವವರನ್ನು, ಈಜುವ ಪೈಪೋಟಿಯಲ್ಲಿ ಸ್ವಂತ ಮಕ್ಕಳನ್ನೇ ಸೋಲಿಸಿ ಬೀಗುವ ಅಪ್ಪಂದಿರನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ತಿಳಿಯಬೇಕಾದರೆ ಫಾಸ್ಟ್ ಶೋ ಬೇಕು.

ಕೊಳ್ಳುವವರಿಗೆ ಒಂದೆರಡು ಮಾತು. 'ಬೆಸ್ಟ್ ಆಫ್' ತರಹದ ಆಯ್ದ ತುಣುಕುಗಳ ಡಿವಿಡಿ ಮುಟ್ಟಬೇಡಿ. ತುಣುಕುಗಳ ಟೇಪಿನಿಂದ ಹುಟ್ಟಿದ ಕಾರ್ಯಕ್ರಮ ಆಯ್ದ ತುಣುಕಾದರೆ ಸಾಯುತ್ತದೆ. ಟೈಲರ್‌ಗಳ ಸ್ಕೆಚ್ಚೆಲ್ಲಾ ಬೆನ್ನಿಗೆ ಬೆನ್ನು ಹಾಕಿದರೆ ಕಾಯಲು ಏನೂ ಉಳಿಯುವುದಿಲ್ಲ. ಮೂರೂ ಸೀಸನ್ ಮತ್ತು 2000ದ ಬೀಳ್ಕೊಡುಗೆ ಕಾರ್ಯಕ್ರಮ ಇರುವ ಪೆಟ್ಟಿಗೆಯನ್ನೇ ಹುಡುಕಿ. ಬ್ರಿಟನ್ನಿನಲ್ಲಿ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ನನಗೆ ಸಿಕ್ಕಿದ್ದರಲ್ಲಿ ಒಂದು ಡಿಸ್ಕ್ ಗೀರು ಬಿದ್ದು ನಡುವೆ ನಿಂತು ನಿಂತು ಓಡುತ್ತಿತ್ತು, ಹಾಗಾಗಿ ದುಡ್ಡು ಕೊಡುವ ಮುಂಚೆ ಒಂದೊಂದೂ ತೆಗೆದು ಬೆಳಕಿಗೆ ಹಿಡಿದು ನೋಡಿ. ಊರಿಗೆ ಕಳಿಸುವ ಯೋಚನೆ ಇದ್ದರೆ ಇನ್ನೊಂದು ವಿಷಯ: ಬ್ರಿಟನ್ನಿನ ಡಿವಿಡಿ ರೀಜನ್ 2, ಭಾರತದ್ದು ರೀಜನ್ 5. ಎಲ್ಲಾ ರೀಜನ್ ಓಡಿಸುವ ಪ್ಲೇಯರ್ ಅಲ್ಲಿ ಇದೆಯಾ ಅಂತ ಮೊದಲು ಕೇಳಿ.

ಆಮೇಲೆ, ಮನೆಯವರ ಜೊತೆ ಕೂತು ನೋಡುವಾಗ ಟೈಲರ್‌ಗಳಿಂದ ಶುರು ಮಾಡಬೇಡಿ, ಅತ್ತೆ ಮಾವ ಪಕ್ಕದಲ್ಲಿದ್ದರಂತೂ ಬೇಡವೇ ಬೇಡ. ಅನ್‌ಲಕಿ ಆಲ್ಫ್‌ನಿಂದ ಶುರು ಮಾಡಿ. ಬೀದಿಯಲ್ಲಿ ದೂರದ ಗುಂಡಿ ತೋರಿಸಿ, ನನ್ನ ಹಣೆಬರಹಕ್ಕೆ ನಾನು ಅದರೊಳಗೇ ಬೀಳುತ್ತೇನೆ ಅನ್ನುತ್ತಾ ನಿಧಾನಕ್ಕೆ ನಡೆದು ಹೋಗಿ, ಹೇಳಿದ ಹಾಗೇ ಬೀಳುವ ಮುದುಕ ಯಾವ ಮನೆಯಲ್ಲಾದರೂ ನಡೆಯುತ್ತಾನೆ.